ಬಿಲ್ಲಿನ ಹೊಟ್ಟೆಯಲ್ಲಿ ನಾಲ್ಕು ಸೊನ್ನೆ

ನಮ್ಮ ಮಾವನಿಗೆ ಸೊನ್ನೆ ಕಂಡರೆ ಆಗುವುದಿಲ್ಲ. ಯಾವ ಬೆಲೆಯೂ ಸೊನ್ನೆಯಲ್ಲಿ ಮುಗಿಯಬಾರದು, ಒಂದರಲ್ಲೇ ಮುಗಿಯಬೇಕು. ಐನೂರು ರೂಪಾಯಿಯ ಸೀರೆ ನಮ್ಮ ಅಂಗಡಿಯಲ್ಲಿ ಸಿಗುವುದಿಲ್ಲ, ಐನೂರ ಒಂದರದ್ದು ಸಿಗುತ್ತದೆ. ಎದುರಿನ ಅಂಗಡಿಯಲ್ಲಿ ಹತ್ತು ರೂಪಾಯಿಯ ಟೀ ಕುಡಿದು ಹನ್ನೊಂದು ಕೊಟ್ಟು ಬರುತ್ತಾರೆ. ಟೀ ಅಂಗಡಿಯವನು ಮೊದಮೊದಲು ಆ ಒಂದು ರೂಪಾಯಿ ವಾಪಸು ಕೊಡಲು ಹಿಂದೆಯೇ ಓಡಿ ಬರುತ್ತಿದ್ದ. ಈಗ ಮಾವ ರಸ್ತೆ ದಾಟುವುದು ಕಂಡರೆ ಸಾಕು, ಹಾಲು ಜಾಸ್ತಿ ಹಾಕುತ್ತಾನೆ.

ಮದುವೆಗೆ ಮುಯ್ಯಿ ಇಡುವಾಗ ನೂರ ಒಂದು, ಐನೂರ ಒಂದು ಅಂತ ಇಡುತ್ತೇವಲ್ಲ, ಮುಯ್ಯಿ ಕವರಿನ ಮೇಲೇ ಒಂದು ರೂಪಾಯಿ ನಾಣ್ಯ ಅಂಟಿಸಿ ಮಾರುತ್ತಾರಲ್ಲ, ಇದೂ ಅದೇ ಲೆಕ್ಕ. ಸೊನ್ನೆ ಅಂದರೆ ಮುಗಿಯಿತು, ಒಂದು ಅಂದರೆ ಇನ್ನೂ ಇದೆ. ಮುಯ್ಯಿಗೇ ಒಂದು ಬೇಕಾದರೆ ಮುಹೂರ್ತದ ಸೀರೆಗೆ ಬೇಡವೇ? ಇದು ಮಾವನ ಪ್ರಶ್ನೆ. ಹೀಗಾಗಿ ಕೊಯಮತ್ತೂರಿನ ಹತ್ತಿರದ ಈ ಕರುಮತ್ತಂಪಟ್ಟಿಯಲ್ಲಿ ನಮ್ಮದು ಒಂದ್ರೂಪಾಯಿ ಅಂಗಡಿ ಎಂದೇ ಹೆಸರಾಗಿದೆ. ಬೋರ್ಡಿನ ಮೇಲೆ ಶ್ರೀ ಚೌಡೇಶ್ವರಿ ಸೀರೆ ಅಂಗಡಿ ಅಂತ ಬರೆಸಿದ್ದೇವೆ. ಅದನ್ನು ಪೋಸ್ಟ್‌ಮ್ಯಾನ್ ಬಿಟ್ಟು ಬೇರೆ ಯಾರೂ ಓದಿದ್ದನ್ನು ನಾನು ಕಂಡಿಲ್ಲ.

ನಾನು ತಮಿಳ್‌ಸೆಲ್ವಿ. ಹೆಸರು ಕೇಳಿ ಮೋಸ ಹೋಗಬೇಡಿ, ಮನೆಮಾತು ಕನ್ನಡವೇ. ನಮ್ಮ ನೇಕಾರರ ಮನೆಗಳಲ್ಲಿ ಅಜ್ಜಂದಿರ ಕಾಲದಿಂದಲೂ ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅಂಗಡಿಯ ಯಜಮಾನ ಚೆನ್ನಿಯಪ್ಪನ್ ನನ್ನ ಮಾವ. ಗಂಡ ದೀನದಯಾಳನ್ ಸೋಮನೂರಿನಲ್ಲಿ ಪವರ್‌ಲೂಮ್ ಓಡಿಸುತ್ತಾರೆ. ಮಗ್ಗದ ಸದ್ದಿಗೆ ಕಿವಿ ಅರ್ಧ ಹೋಗಿರುವುದರಿಂದ ಮನೆಯ ಯಾವ ಜಗಳವೂ ಅವರನ್ನು ಮುಟ್ಟುವುದಿಲ್ಲ, ಪುಣ್ಯವಂತರು.

ಮದುವೆಯಾಗಿ ಬಂದಾಗಿನಿಂದ ನಾನು ಅಂಗಡಿಯಲ್ಲಿ ನಿಂತಿದ್ದೇನೆ. ನಿಂತಿದ್ದೇನೆ ಅಂದರೆ ನಿಜವಾಗಿಯೂ ನಿಂತೇ ಇದ್ದೇನೆ. ಅಂಗಡಿಯಲ್ಲಿ ಇರುವುದು ಒಂದೇ ಕುರ್ಚಿ. ಗಲ್ಲಾಪೆಟ್ಟಿಗೆಯ ಹಿಂದಿನ ಆ ತೇಗದ ಕುರ್ಚಿ ಮಾವನದು. ಗಿರಾಕಿಗಳಿಗೆ ಬೆಂಚು. ನನಗೆ ನನ್ನ ಎರಡು ಕಾಲು. ಸೀರೆ ಬಿಚ್ಚುವವಳು ನಾನು, ಮಡಚುವವಳು ನಾನು, ವಾಟ್ಸಾಪಿನಲ್ಲಿ ಫೋಟೋ ಹಾಕಿ ಪಾಲಕ್ಕಾಡಿಗೂ ಬೆಂಗಳೂರಿಗೂ ರೇಷ್ಮೆ ಹತ್ತಿ ಬೆರೆತ ಕೋರಾ ಸೀರೆ ಕಳಿಸಿ ವ್ಯಾಪಾರ ಎತ್ತಿದವಳೂ ನಾನೇ. ಕುರ್ಚಿ ಮಾತ್ರ ಗಂಡಸರ ಆಸ್ತಿ!

ಈ ವರ್ಷ ಮಾವ ತಾವಾಗಿಯೇ, ಮೊಣಕಾಲು ನೋವು, ಇನ್ನು ಕುರ್ಚಿ ಬಿಡುತ್ತೇನೆ ಎಂದರು. ನನಗೆ ಹೊಟ್ಟೆ ತುಂಬ ಪಾಯಸ ಕುಡಿದಷ್ಟು ಖುಷಿಯಾಯಿತು. ಆದರೆ ಕುರ್ಚಿಗೆ ಇನ್ನೊಬ್ಬನೂ ಕಾಯುತ್ತಿದ್ದ, ನನ್ನ ಮೈದುನ ಕಾರ್ತಿ. ಅವನಿಗೆ ಸೀರೆ ಅಂದರೆ ಆಕಳಿಕೆ. ಇದೇ ಜಾಗದಲ್ಲಿ ಮೊಬೈಲ್ ಕವರ್ ಅಂಗಡಿ ಹಾಕಬೇಕೆಂಬುದು ಅವನ ಆಸೆ. ಅದಕ್ಕೂ ಮೊದಲು ಜ್ಯೂಸ್ ಅಂಗಡಿಯ ಆಸೆ ಇತ್ತು, ಅದಕ್ಕೂ ಮೊದಲು ಬಣ್ಣದ ಮೀನು ಮಾರುವ ಆಸೆ. ಮೀನಿನ ಗಾಜಿನ ಪೆಟ್ಟಿಗೆಯಲ್ಲಿ ಈಗ ನಾವು ರವಿಕೆ ಬಟ್ಟೆ ಇಟ್ಟಿದ್ದೇವೆ.

ಇಷ್ಟರಲ್ಲಿ ತೆರಿಗೆ ಬಂದು ವಕ್ಕರಿಸಿತು. ಅಲ್ಲಿಯವರೆಗೆ ನಮ್ಮದು ಸಣ್ಣ ಅಂಗಡಿಗಳ ಲೆಕ್ಕ. ವರ್ಷದ ವ್ಯಾಪಾರಕ್ಕೆ ಇಷ್ಟು ಅಂತ ನಾವೇ ಕಟ್ಟಿಬಿಟ್ಟರೆ ಮುಗಿಯಿತು, ಬಿಲ್ಲಿನಲ್ಲಿ ತೆರಿಗೆ ಎಂಬ ಸಾಲೇ ಇರುತ್ತಿರಲಿಲ್ಲ. ಮಾವ ಕೈಯಲ್ಲೇ 'ಸೀರೆ ಒಂದಕ್ಕೆ ರೂ. 8001' ಅಂತ ಬರೆದು ಕೊಡುತ್ತಿದ್ದರು. ಆದರೆ ನಾನು ಪಾಲಕ್ಕಾಡಿಗೆ ಸೀರೆ ಕಳಿಸಿದೆನಲ್ಲ, ರಾಜ್ಯ ದಾಟಿ ಮಾರಿದರೆ ಆ ಸಲೀಸು ಲೆಕ್ಕ ನಡೆಯುವುದಿಲ್ಲವಂತೆ. ಇನ್ನು ಪ್ರತಿ ಬಿಲ್ಲಿನಲ್ಲೂ ಸೀರೆಯ ಬೆಲೆ ಬೇರೆ, ತೆರಿಗೆ ಬೇರೆ ಕಾಣಿಸಬೇಕು ಅಂತ ನಮ್ಮ ಆಡಿಟರ್ ಗುರುಪ್ರಸನ್ನ ಹೇಳಿದರು. ಅವರು ಕೊಯಮತ್ತೂರು ನಗರದವರು, ಅವರ ಮನೆಯಲ್ಲೂ ಕನ್ನಡವೇ. ಹಾಗಾಗಿ ಮಾವನಿಗೆ ಅವರ ಮೇಲೆ ಬಹಳ ನಂಬಿಕೆ, ಸಾಮಿ ಎಂದೇ ಕರೆಯುತ್ತಾರೆ.

ನಾನು ಬಿಲ್ ಮಷೀನು ತರಿಸಿದೆ. ಮಾವ ಅದನ್ನು ಚೇಳು ನೋಡಿದ ಹಾಗೆ ನೋಡಿದರು.

"ಅಮ್ಮಿಣಿ, ಇದು ಒಂದರಲ್ಲಿ ಮುಗಿಸುತ್ತಾ?" ಎಂದರು. ನಮ್ಮ ಕಡೆ ಹೆಣ್ಣುಮಕ್ಕಳನ್ನು ಪ್ರೀತಿಯಿಂದ ಕರೆಯುವುದು ಹಾಗೆ.

"ನಾವು ಹೇಳ್ದಂಗೆ ಕೇಳುತ್ತೆ ಮಾವ."

"ಹಾಗಾದ್ರೆ ಒಂದು ಮಾತು. ಆಡಿ ತಿಂಗಳ ಹದಿನೆಂಟರ ಹಬ್ಬಕ್ಕೆ ತೊಂಡಾಮುತ್ತೂರಿಂದ ಸುಬ್ಬಾತಾಳ್ ಬರ್ತಾರೆ, ಮೊಮ್ಮಗನ ಮದುವೆಗೆ ಸೀರೆ ಎತ್ತೋಕೆ. ಅವರು ನಿನ್ನ ಮಷೀನ್ ಬಿಲ್ಲು ಕಣ್ಣಿಗೊತ್ತಿಕೊಂಡು ಹೋದ್ರೆ ಕುರ್ಚಿ ನಿಂದು. ತಟ್ಟೇಲಿ ವಾಪಸು ಇಟ್ರೆ ಮಷೀನೂ ಬೇಡ, ವಾಟ್ಸಾಪೂ ಬೇಡ. ಕಾರ್ತಿ ಕೂತ್ಕೊಂಡು ಕವರೋ ಗಿವರೋ ಮಾರ್ಕೊಳ್ಳಲಿ."

ಕಣ್ಣಿಗೊತ್ತಿಕೊಳ್ಳುವುದು ನಮ್ಮ ಅಂಗಡಿಯ ಪದ್ಧತಿ. ಮದುವೆಯ ಮೊದಲ ಸೀರೆಯ ಬಿಲ್ಲಿಗೆ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಹಿತ್ತಾಳೆ ತಟ್ಟೆಯಲ್ಲಿ ವೀಳ್ಯದೆಲೆಯ ಮೇಲೆ ಇಟ್ಟು ಕೊಡುತ್ತೇವೆ. ಮನೆಯ ಹಿರಿಯರು ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡರೆ ವ್ಯಾಪಾರ ಕುದುರಿತು, ಮದುವೆಯ ಉಳಿದ ಸೀರೆಗಳೆಲ್ಲ ನಮ್ಮಲ್ಲೇ. ತಟ್ಟೆಗೆ ವಾಪಸು ಇಟ್ಟರೆ ಶಕುನ ಸರಿಯಿಲ್ಲ ಅಂತ ಲೆಕ್ಕ, ಇಡೀ ಮದುವೆ ಬೇರೆ ಅಂಗಡಿಗೆ ಹೋಯಿತು. ಸುಬ್ಬಾತಾಳ್ ಮನೆಯವರು ಮಾವನ ಅಪ್ಪನ ಕಾಲದಿಂದ ಬರುತ್ತಿರುವವರು, ತೆಂಗಿನ ತೋಟದ ಜನ. ಬೆಲೆ ಎಷ್ಟು ಅಂತ ಕೇಳುವುದಿಲ್ಲ. ಕೊನೆ ಏನು, ಅಂದರೆ ಕೊನೆಯ ಅಂಕಿ ಯಾವುದು, ಅಂತ ಕೇಳುತ್ತಾರೆ.

ಆಡಿಟರ್ ಬಂದ ದಿನ ಮೂವರೂ ಮಷೀನಿನ ಸುತ್ತ ಕೂತೆವು. ಅಂದರೆ ಅವರಿಬ್ಬರು ಕೂತರು, ನಾನು ನಿಂತೆ. ಸುಬ್ಬಾತಾಳ್‌ಗೆಂದು ತೆಗೆದಿಟ್ಟ ಕುಂಕುಮ ಬಣ್ಣದ ರೇಷ್ಮೆ ಸೀರೆಗೆ ಎಂಟು ಸಾವಿರದ ಒಂದು ಅಂತ ಚೀಟಿ ಇತ್ತು.

"ನೂರಕ್ಕೆ ಐದು ತೆರಿಗೆ," ಎಂದರು ಗುರುಪ್ರಸನ್ನ. "ಅದರಲ್ಲಿ ಅರ್ಧ ದಿಲ್ಲಿಗೆ, ಅರ್ಧ ಚೆನ್ನೈಗೆ. ಬಿಲ್ಲಲ್ಲಿ ಎರಡು ಸಾಲು ಬರುತ್ತೆ. ತಲಾ ಎರಡೂವರೆ."

ನಾನು ಒತ್ತಿದೆ. ಒಂದೊಂದು ಸಾಲಿಗೂ ಇನ್ನೂರು ರೂಪಾಯಿ, ಮೇಲೆ ಎರಡೂವರೆ ಪೈಸೆ ಬಂತು.

"ಐವತ್ತು ಪೈಸೆಗಿಂತ ಕಡಿಮೆ ಇದ್ರೆ ಬಿಟ್ಬಿಡಿ, ಹೆಚ್ಚಿದ್ರೆ ಒಂದು ರೂಪಾಯಿ ಮಾಡಿ. ಅದಕ್ಕೂ ಸೆಕ್ಷನ್ ಇದೆ," ಎಂದರು. ಪೈಸೆ ಹೋಯಿತು. ಮೊತ್ತ ಎಂಟು ಸಾವಿರದ ನಾನ್ನೂರ ಒಂದು!

ನಾನು ಕುಣಿಯುವುದೊಂದು ಬಾಕಿ. ಮಾವ ಹೇಳಿದ ಒಂದು ತಾನಾಗಿಯೇ ಬಂದು ಕೊನೆಯಲ್ಲಿ ಕೂತಿತ್ತು. ಕುರ್ಚಿಗೆ ಯಾವ ಬಣ್ಣದ ದಿಂಬು ಹಾಕಲಿ ಎಂದು ಯೋಚಿಸತೊಡಗಿದೆ. ಮಾವ ಕನ್ನಡಕ ಏರಿಸಿ ಬಿಲ್ಲನ್ನು ಮೇಲಿಂದ ಕೆಳಕ್ಕೆ ಓದಿದರು.

"ನಡೂಲಿ ಇದೇನು?"

"ತೆರಿಗೆ ಮಾವ. ಇನ್ನೂರು, ಇನ್ನೂರು."

"ಸೊನ್ನೆ."

"ಕೊನೇಲಿ ಒಂದಿದೆಯಲ್ಲ ಮಾವ!"

"ಮೇಲೆ ಒಂದು, ಕೆಳಗೆ ಒಂದು, ಬಿಲ್ಲಿನ ಹೊಟ್ಟೇಲಿ ನಾಲ್ಕು ಸೊನ್ನೆ. ಮದುವೆ ಹೆಣ್ಣಿಗೆ ಹೊಟ್ಟೆ ಖಾಲಿ ಇರೋ ಬಿಲ್ಲು ಕೊಡ್ತೀಯಾ? ಸುಬ್ಬಾತಾಳ್ ಮರಿಮಗ ಬೇಕು ಅಂತ ಕಾದು ಕೂತವ್ರೆ."

"ಎಂಟು ಸಾವಿರದ ಒಂದರಲ್ಲೂ ಎರಡು ಸೊನ್ನೆ ಇದೆ. ಅದು ಪರವಾಗಿಲ್ಲವಾ?"

"ಅದಕ್ಕೆ ಕೊನೇಲಿ ಒಂದು ಕಾವಲು ನಿಂತದೆ. ಈ ಇನ್ನೂರಕ್ಕೆ ಯಾರು ಕಾವಲು?"

ನನಗೆ ಮೈಯೆಲ್ಲ ಉರಿದುಹೋಯಿತು. ಆಡಿಟರ್ ಯಾವ ಸೆಕ್ಷನ್ನನ್ನೂ ಹೇಳದೆ ತಮ್ಮ ಡಬ್ಬಿಯಿಂದ ಮೊಸರನ್ನ ತೆಗೆದು ತಿನ್ನತೊಡಗಿದರು.

ಮರುದಿನ ಬೆಳಿಗ್ಗೆ ಮಾವ ಬಲು ಉತ್ಸಾಹದಿಂದ ಬಂದರು. ಕೈಯಲ್ಲಿ ಅದೇ ಬಿಲ್ಲು. ಎರಡು ಇನ್ನೂರುಗಳ ಪಕ್ಕದಲ್ಲೂ ಒಂದೊಂದು ರೂಪಾಯಿ ನಾಣ್ಯ ಅಂಟಿಸಿದ್ದರು, ಮುಯ್ಯಿ ಕವರಿಗೆ ಅಂಟಿಸುವ ಹಾಗೆಯೇ. ಭಾರಕ್ಕೆ ಕಾಗದ ಜೋತು ಬಿದ್ದಿತ್ತು.

"ಈಗ ಇನ್ನೂರ ಒಂದು, ಇನ್ನೂರ ಒಂದು," ಎಂದರು.

ಫೋನಿನಲ್ಲಿ ಸಂಗತಿ ಕೇಳಿದ ಗುರುಪ್ರಸನ್ನ, "ಅಯ್ಯಯ್ಯೋ, ಕೂಡದು!" ಎಂದು ಕೂಗಿದ್ದು ಎದುರಿನ ಟೀ ಅಂಗಡಿಗೂ ಕೇಳಿಸಿರಬೇಕು. "ಇನ್ನೂರು ಅಂತ ಇರೋ ತೆರಿಗೇನ ಇನ್ನೂರ ಒಂದು ಅಂತ ತಗೊಳ್ಳೋ ಹಾಗಿಲ್ಲ. ಹೆಚ್ಚಿಗೆ ತಗೊಂಡ್ರೆ ಅದನ್ನೂ ಸರ್ಕಾರಕ್ಕೇ ಕಟ್ಟಬೇಕು!"

"ಕಟ್ಟೋಣ ಸಾಮಿ. ಸರ್ಕಾರಕ್ಕೂ ಶುಭವಾಗ್ಲಿ."

"ಲೆಕ್ಕ ತಪ್ಪು ಅಂತ ನೋಟೀಸು ಬರುತ್ತೆ!"

"ನೋಟೀಸು ನಂಬರು ಒಂದರಲ್ಲಿ ಮುಗಿಯುತ್ತಾ?"

ಆ ಕಡೆ ಫೋನು ಕಟ್ಟಾಯಿತು. ನಾನು ಬಿಲ್ಲಿನಿಂದ ನಾಣ್ಯ ಕಿತ್ತೆ. ಕಿತ್ತ ರಭಸಕ್ಕೆ ಚೆನ್ನೈಯ ಪಾಲು ಹರಿದು ಬಂತು.

ಅವತ್ತೇ ನನಗೆ ಹೊಳೆದದ್ದು. ತೆರಿಗೆಗೆ ಒಂದು ಅಂಟಿಸುವ ಬದಲು, ತೆರಿಗೆಯೇ ಒಂದರಲ್ಲಿ ಮುಗಿಯುವ ಹಾಗೆ ಬೆಲೆ ಇಟ್ಟರೆ? ನೂರಕ್ಕೆ ಎರಡೂವರೆ ಅಂದರೆ ನಲವತ್ತಕ್ಕೆ ಒಂದು. ತೆರಿಗೆ ಇನ್ನೂರ ಒಂದು ಬರಬೇಕಾದರೆ ಬೆಲೆ ಇನ್ನೂರ ಒಂದರ ನಲವತ್ತು ಪಟ್ಟು, ಎಂಟು ಸಾವಿರದ ನಲವತ್ತು. ಮೇಲೊಂದು ರೂಪಾಯಿ ಹಾಕಿ ಎಂಟು ಸಾವಿರದ ನಲವತ್ತೊಂದು ಮಾಡಿದರೆ ಬೆಲೆಯೂ ಒಂದರಲ್ಲಿ, ದಿಲ್ಲಿಯದೂ ಒಂದರಲ್ಲಿ, ಚೆನ್ನೈಯದೂ ಒಂದರಲ್ಲಿ! ಹೆಚ್ಚಾಗುವ ಎರಡೂವರೆ ಪೈಸೆಯನ್ನು ಬಿಡುವುದಕ್ಕೆ ಸೆಕ್ಷನ್ ಇದ್ದೇ ಇದೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳೋಣವೆಂದರೆ ಕೈಯಲ್ಲಿ ಸೀರೆ ಇತ್ತು.

ಮಾವನನ್ನು ಕರೆದು ಒಂದೊಂದೇ ಸಾಲು ತೋರಿಸಿದೆ. ಅವರು ಪ್ರತಿ ಸಾಲಿಗೂ "ಭೇಷ್" ಎಂದರು. ಆಮೇಲೆ ಮೊತ್ತದ ಗುಂಡಿ ಒತ್ತಿದೆ.

ಎಂಟು ಸಾವಿರದ ನಾನ್ನೂರ ನಲವತ್ತಮೂರು.

ಒಂದು, ಒಂದು, ಒಂದು ಕೂಡಿದರೆ ಮೂರು. ಇದಕ್ಕೆ ಆಡಿಟರ್ ಬೇಕೇ, ಅಂಗನವಾಡಿ ಮಗು ಸಾಕು! ಆದರೂ ಮಾವ ಒಪ್ಪದೆ ಸಾಮಿಯನ್ನು ಮತ್ತೆ ಕರೆಸಿದರು. ಸಾಮಿ ಸ್ಕೂಟರಿನಲ್ಲಿ ಅವಿನಾಶಿ ರಸ್ತೆಯ ಧೂಳೆಲ್ಲ ಮೆತ್ತಿಕೊಂಡು ಬಂದು, ಕಾಗದದ ಮೇಲೆ ಬರೆದು ಕೂಡಿ ನೋಡಿದರು. ಕೆಳಗಿಂದ ಮೇಲಕ್ಕೂ ಕೂಡಿ ನೋಡಿದರು.

"ಮೂರೂ ಒಂದರಲ್ಲಿ ಮುಗಿದ್ರೆ ಮೊತ್ತ ಮೂರರಲ್ಲೇ ಮುಗಿಯೋದು," ಎಂದರು.

"ಮೇಲಿನವರಿಗೆ ಬರೆದು ಕೇಳಿ ನೋಡಿ ಸಾಮಿ."

"ಏನಂತ ಕೇಳ್ಲಿ? ಕೂಡೋ ಲೆಕ್ಕ ಬದಲಾಯಿಸಿ ಅಂತಲಾ?" ಪಾಪ, ಸಾಮಿ ನೀರು ಕುಡಿದು, ಯೋಚಿಸಿ, ಮುಖ ಅರಳಿಸಿಕೊಂಡರು. "ಬೆಲೆ ಎಂಟು ಸಾವಿರದ ಮೂವತ್ತೊಂಬತ್ತು ಮಾಡಿ. ಆಗ ತೆರಿಗೆ ಇನ್ನೂರ ಒಂದಕ್ಕೆ ಎರಡೂವರೆ ಪೈಸೆ ಕಡಿಮೆ, ಅದನ್ನ ಇನ್ನೂರ ಒಂದೇ ಮಾಡಬಹುದು. ಮೊತ್ತ ಎಂಟು ಸಾವಿರದ ನಾನ್ನೂರ ನಲವತ್ತೊಂದು. ಒಂದು!"

ನಾನು ಕೈಯೆತ್ತಿ ಮುಗಿಯುವುದರಲ್ಲಿದ್ದೆ. ಮಾವ ತಲೆ ಅಲ್ಲಾಡಿಸಿದರು.

"ಸೀರೆ ಬೆಲೆ ಒಂಬತ್ತರಲ್ಲಾ? ಒಂಬತ್ತು ಚಪ್ಪಲಿ ಅಂಗಡಿ ಬೆಲೆ ಸಾಮಿ. ಮುಹೂರ್ತದ ಸೀರೇನ ಚಪ್ಪಲಿ ಬೆಲೆಗೆ ಕೊಡು ಅಂತೀರಾ?"

ಅಷ್ಟು ಹೊತ್ತು ಮೂಲೆಯಲ್ಲಿ ಫೋನು ತಿಕ್ಕುತ್ತಿದ್ದ ಕಾರ್ತಿ ಆಗ ಬಾಯಿಬಿಟ್ಟ. "ಎದಕ್ಕಪ್ಪಾ ಇಷ್ಟು ಕಷ್ಟ? ಬಿಲ್ಲೇ ಬೇಡ. ಬಿಳೀ ಚೀಟೀಲಿ ಎಂಟು ಸಾವಿರದ ಒಂದು ಅಂತ ಬರ್ಕೊಡಿ, ಮುಗೀತು."

ಆಡಿಟರ್ ಎರಡೂ ಕಿವಿ ಮುಚ್ಚಿಕೊಂಡರು. ನಾನು ಬಾಯಿ ತೆಗೆಯುವ ಮೊದಲೇ ಮಾವ ಗುಡುಗಿದರು. "ಕಳ್ಳ ಚೀಟಿ ಕೊಟ್ಟು ಕಲ್ಯಾಣ ಮಾಡ್ಸೋದಾ? ನನ್ನ ಅಂಗಡೀಲಿ ಆಗಲ್ಲ ಅದು!" ಹಾಗೆ ಹೇಳಿದಾಗ ಮಾವನ ಮೇಲೆ ನನಗೆ ಎಲ್ಲ ಕೋಪ ಹೋಗಿ ಪ್ರೀತಿ ಉಕ್ಕಿತು. ಅವರು ನನ್ನ ಕಡೆ ತಿರುಗಿ, "ನಲವತ್ತೊಂದೇ ಇಡು. ಆದ್ರೆ ಮೂರು ನಿನ್ನ ಜವಾಬ್ದಾರಿ," ಎಂದಾಗ ಉಕ್ಕಿದ್ದೆಲ್ಲ ಇಳಿಯಿತು.

ಆಡಿ ಹದಿನೆಂಟು ಬಂತು. ಸುಬ್ಬಾತಾಳ್ ವ್ಯಾನಿನಿಂದ ಇಳಿದರು. ಹಣೆಯಗಲ ವಿಭೂತಿ, ಬಾಯಿ ತುಂಬ ಎಲೆಅಡಿಕೆ. ಜೊತೆಗೆ ಮೊಮ್ಮಗಳು ಸರಣ್ಯಾ, ಮದುವೆ ಗಂಡಿನ ಅಕ್ಕ, ಪೋತ್ತನೂರಿನ ರೈಲ್ವೆ ಎಂಜಿನಿಯರ್ ಒಬ್ಬನಿಗೆ ಕೊಟ್ಟಿದ್ದಾರೆ. ಅವರೆಲ್ಲ ಮಾತಾಡುವುದು ತಮಿಳು. ನಾನು ಇಲ್ಲಿ ನಮ್ಮ ಮಾತಿನಲ್ಲಿ ಹೇಳುತ್ತಿದ್ದೇನೆ.

ಗುರುಪ್ರಸನ್ನ ಬೆಂಚಿನ ತುದಿಯಲ್ಲಿ ಕೂತಿದ್ದರು. ಸುಮ್ಮನೆ ಈ ಕಡೆ ಬಂದಿದ್ದೆ ಎಂದರು. ಕೊಯಮತ್ತೂರಿನಿಂದ ಕರುಮತ್ತಂಪಟ್ಟಿಗೆ ಯಾರಾದರೂ ಸುಮ್ಮನೆ ಬರುತ್ತಾರೆಯೇ? ಕಾರ್ತಿಯೋ, ಒಂದು ಅಳತೆ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ. ಯಾಕಯ್ಯಾ ಅಂದರೆ, ಕವರು ತೂಗುಹಾಕಲು ಎಷ್ಟು ಕಬ್ಬಿಣದ ಜಾಲರಿ ಬೇಕು ನೋಡುತ್ತಿದ್ದೇನೆ ಅತ್ತಿಗೆ ಎಂದ. ಆ ಟೇಪಿನಿಂದಲೇ ಅವನಿಗೆ ನಾಲ್ಕು ಬಿಡಬೇಕೆನಿಸಿತು.

ನಾನು ಸೀರೆ ಬಿಚ್ಚಿದೆ. ಸರಣ್ಯಾ ಪ್ರತಿಯೊಂದಕ್ಕೂ ಮೂಗು ಮುರಿದಳು. ಈ ಬಣ್ಣ ಹಳೇದು, ಈ ಅಂಚು ಅಗಲ, ಇದೇ ಸೀರೆ ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಬರುತ್ತೆ ಪಾಟಿ. ಪಾಟಿ, ಅಂದರೆ ಅಜ್ಜಿ, ಅವಳ ಮಾತನ್ನು ಗಾಳಿಗೆ ಬಿಟ್ಟು ಕುಂಕುಮ ಬಣ್ಣದ ಸೀರೆಯ ಮೇಲೆ ಅಂಗೈ ಆಡಿಸಿದರು.

"ಇದು. ಕೊನೆ ಏನು?"

"ಒಂದು," ಎಂದರು ಮಾವ, ಸೀರೆಯ ಚೀಟಿ ತೋರಿಸಿ.

ನಾನು ಬಿಲ್ಲು ತೆಗೆದೆ. ಮಷೀನು ಕಿರ್ರೆಂದಿತು. ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ತಟ್ಟೆಯಲ್ಲಿ ಎಲೆಯ ಮೇಲಿಟ್ಟು ಮುಂದೆ ಹಿಡಿದೆ. ಪಕ್ಕದಲ್ಲಿ ನಾಲ್ಕು ಅಡಿಕೆಯನ್ನೂ ಇಟ್ಟಿದ್ದೆ. ಸುಬ್ಬಾತಾಳ್ ಬಿಲ್ಲನ್ನು ದೂರಕ್ಕೆ ಹಿಡಿದು, ಇನ್ನೂ ದೂರಕ್ಕೆ ಹಿಡಿದು, ಕೊನೆಯ ಸಾಲನ್ನು ಓದಿದರು.

"ಎಂಟು ಸಾವಿರದ ನಾನ್ನೂರ ನಲವತ್ತ... ಮೂರಾ?"

ಮಾವ ಕಣ್ಣು ಮುಚ್ಚಿಕೊಂಡರು. ಸುಬ್ಬಾತಾಳ್ ಬಿಲ್ಲನ್ನು ತಟ್ಟೆಯ ಕಡೆ ಇಳಿಸಿದರು. "ಚೆನ್ನಿಯಪ್ಪಾ, ನಿನ್ನ ಅಂಗಡೀಲಿ ಮೂರಾ? ನಿಮ್ಮಪ್ಪ ಇದ್ದಿದ್ರೆ ಏನಂತಿದ್ದ?"

ಹಿಂದೆ ಕಾರ್ತಿಯ ಟೇಪು ಸರ್ರನೆ ಸುತ್ತಿಕೊಂಡ ಸದ್ದು ಕೇಳಿಸಿತು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ನಿಲ್ಲಿ ಪಾಟಿ!" ಎಂದೆ. ಗಿರಾಕಿಯ ಮುಂದೆ ದನಿ ಎತ್ತಬಾರದು, ಗೊತ್ತು. ಎತ್ತಿದೆ. "ಕೊನೆ ಒಂದೇ ನೋಡಿದ್ರೆ ಹೆಂಗೆ? ಮೇಲಿಂದ ನೋಡಿ. ಸೀರೆ ಬೆಲೆ ಒಂದರಲ್ಲಿ ಮುಗಿಯುತ್ತೆ. ದಿಲ್ಲಿಗೆ ಇನ್ನೂರ ಒಂದು. ಚೆನ್ನೈಗೆ ಇನ್ನೂರ ಒಂದು. ಮದುವೆಗೆ ಊರೋರೆಲ್ಲ ನಿಮಗೆ ಮುಯ್ಯಿ ಇಡ್ತಾರೆ, ನೀವು ಎರಡು ಸರ್ಕಾರಕ್ಕೆ ಮುಯ್ಯಿ ಇಟ್ಟಿದ್ದೀರಿ, ಅದೂ ಒಂದು ರೂಪಾಯಿ ಸೇರ್ಸಿ! ಎಲ್ಲೂ ಸೊನ್ನೆ ಕೊನೇಲಿ ಕೂತಿಲ್ಲ. ಒಂದು, ಒಂದು, ಒಂದು. ಕೂಡಿದ್ರೆ ಮೂರೇ ಪಾಟಿ, ಬೇರೆ ಏನೂ ಬರೋಕೆ ಒಪ್ಪಲ್ಲ, ನಾವು ಕೇಳಿ ನೋಡಿದ್ದೀವಿ! ಬೇಕಾದ್ರೆ ತಗೊಳ್ಳಿ, ಬೇಡಾಂದ್ರೆ ಬಿಡಿ. ನಿಂತೂ ನಿಂತೂ ನನಗೆ ಕಾಲು ಬಿದ್ದೋಗ್ತಾ ಇದೆ!"

ಆಡಿಟರ್ ಒಂದು ಸೀರೆಯ ಸೆರಗನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಿದ್ದರು.

ಸುಬ್ಬಾತಾಳ್ ಬಿಲ್ಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಎಣಿಸಿದರು. "ಒಂದು. ಒಂದು. ಒಂದು." ಆಮೇಲೆ ಮೊಮ್ಮಗಳ ಕಡೆ ತಿರುಗಿದರು. "ಸರಣ್ಯಾ, ತಾಳಿಗೆ ಎಷ್ಟು ಗಂಟು?"

"ಮೂರು ಪಾಟಿ. ಯಾಕೆ?"

"ಮೊದಲನೇ ಗಂಟು ಯಾರು ಹಾಕ್ತಾರೆ?"

"ಗಂಡು."

"ಮಿಕ್ಕ ಎರಡು?"

"ಗಂಡಿನ ಅಕ್ಕ..." ಸರಣ್ಯಾಳ ದನಿ ಸಣ್ಣಗಾಯಿತು. "ನಾನೇ."

"ಹಾಂ. ಮೂರು ಗಂಟಿನ ಬಿಲ್ಲು ಇದು. ಮೊದಲನೇ ಗಂಟು, ಸೀರೆದು, ಗಂಡಿನ ಪರವಾಗಿ ನಾನು ಹಾಕ್ತೀನಿ." ಸೊಂಟದ ಚೀಲದಿಂದ ನೋಟು ತೆಗೆದರು. "ಮಿಕ್ಕ ಎರಡು ನಿಂದು. ತೆಗೆ ಪರ್ಸು."

"ಪಾಟೀ, ಅದು ಗಂಟಲ್ಲ, ಜಿಎಸ್‌ಟಿ!"

"ಏನಾದ್ರೂ ಇರ್ಲಿ. ನಾದಿನಿ ಹಾಕದೆ ಮತ್ತೆ ಯಾರು ಹಾಕ್ತಾರೆ?"

ಸರಣ್ಯಾ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿ, ಫೋನು ತೆಗೆದು, ಎರಡನ್ನೂ ಸೇರಿಸಿ ನಾನ್ನೂರ ಎರಡು ಅಂತ ಒತ್ತಿದಳು. ಅಜ್ಜಿ ಅವಳ ಕೈ ಮೇಲೆ ಒಂದು ಕೊಟ್ಟರು. "ಎರಡು ಗಂಟು ಒಟ್ಟಿಗೆ ಹಾಕ್ತೀಯಾ? ಬೇರೆ ಬೇರೆ!"

ಗಲ್ಲಾಪೆಟ್ಟಿಗೆಯ ಮೇಲಿನ ಸ್ಪೀಕರ್ ಡಬ್ಬಿ, ಇನ್ನೂರ ಒಂದು ರೂಪಾಯಿ ಬಂತು ಎಂದು ತಮಿಳಿನಲ್ಲಿ ಕೂಗಿತು. ಮಾವ ಎದ್ದು ನಿಂತು ಕೈಮುಗಿದರು. ಎರಡನೆಯ ಸಲ ಕೂಗಿತು. ಮಾವ ಇನ್ನೊಮ್ಮೆ ಕೈಮುಗಿದರು. ಗುರುಪ್ರಸನ್ನ ತಟ್ಟೆಯಲ್ಲಿದ್ದ ಅಡಿಕೆಯನ್ನು ಅಕ್ಷತೆ ಅಂದುಕೊಂಡರೋ ಏನೋ, ಎರಡು ತೆಗೆದು ಮಷೀನಿನ ಮೇಲೆ ಹಾಕಿದರು.

ಸುಬ್ಬಾತಾಳ್ ಬಿಲ್ಲನ್ನು ಎತ್ತಿ ಕಣ್ಣಿಗೊತ್ತಿಕೊಂಡರು. ಎಡಗಣ್ಣಿಗೆ, ಬಲಗಣ್ಣಿಗೆ. ಆಮೇಲೆ, "ಉಳಿದ ಸೀರೆ ತೋರ್ಸು ಅಮ್ಮಿಣಿ, ಎಲ್ಲಾದಕ್ಕೂ ಮೂರು ಗಂಟು," ಎಂದರು. ನಾನು ತಿರುಗಿ ನೋಡುವಷ್ಟರಲ್ಲಿ ಸರಣ್ಯಾ ವ್ಯಾನು ಹತ್ತಿ ಒಳಗಿಂದ ಚಿಲಕ ಹಾಕಿಕೊಂಡಿದ್ದಳು.

ಅವರೆಲ್ಲ ಹೋದ ಮೇಲೆ ಮಾವ ಕುರ್ಚಿಯ ಹತ್ತಿರ ಹೋಗಿ, ಹೆಗಲ ಮೇಲಿನ ಟವೆಲಿನಿಂದ ಅದನ್ನು ಒರೆಸಿದರು. "ಕೂತ್ಕೋ," ಎಂದರು. ನಾನು ಕೂತೆ. ನೆಲದಿಂದ ಕಾಲು ಮೇಲೆದ್ದು ಗಾಳಿಯಲ್ಲಿ ಆಡಿತು. ಕುರ್ಚಿ ಇಷ್ಟು ಎತ್ತರ ಇದೆ ಅಂತ ನಿಂತು ನೋಡುವವಳಿಗೆ ಹೇಗೆ ಗೊತ್ತಾಗಬೇಕು? ಕಣ್ಣು ತುಂಬಿ ಬಂತು. ಕಾರ್ತಿ ಟೇಪನ್ನು ಜೇಬಿಗೆ ಹಾಕಿಕೊಂಡು, "ಅತ್ತಿಗೆ, ಕೋಳಿ ಫಾರಂ ಹೆಂಗೆ?" ಎಂದು ಕೇಳಿದ.

ಮಾವ ಆಗಲೇ ಕಪಾಟುಗಳ ಕಡೆ ಕೈ ಬೀಸುತ್ತಿದ್ದರು. "ಅಮ್ಮಿಣಿ, ಇನ್ಮೇಲೆ ಅಂಗಡೀಲಿ ಎಲ್ಲಾ ಬಿಲ್ಲೂ ಮೂರರಲ್ಲೇ ಮುಗೀಬೇಕು. ಸೀರೆ, ಪಂಚೆ, ಟವೆಲ್ಲು, ಕರ್ಚೀಪು, ಒಂದೂ ಬಿಡ್ಬಾರ್ದು. ಇವತ್ತಿಂದ್ಲೇ ಚೀಟಿ ಬದಲಾಯಿಸು."

"ಮಾವ, ಈ ಕುರ್ಚಿ ಯಾರದು?"

"ನಿಂದು."

"ಹಾಗಾದ್ರೆ ಬೆಂಚಿನ ಮೇಲೆ ಕೂತ್ಕೊಳ್ಳಿ. ಮದುವೆ ಸೀರೆಗೆ ಮೂರು ಗಂಟು ಕಟ್ಟಿಕೊಡ್ತೀನಿ. ಕರ್ಚೀಪಿಗೆ ಕಟ್ಟಲ್ಲ. ಏನು ಬೆಲೆಯೋ ಅದು, ಏನು ತೆರಿಗೆಯೋ ಅದು."

ಮಾವ ನನ್ನ ಮುಖ ನೋಡಿದರು. ನಾನೂ ನೋಡಿದೆ. ಕಣ್ಣು ಕೆಳಗಿಳಿಸಲಿಲ್ಲ. ಅವರು ಮೆಲ್ಲಗೆ ಹೋಗಿ ಗಿರಾಕಿಗಳ ಬೆಂಚಿನ ಮೇಲೆ ಕೂತರು. ಕುರ್ಚಿ ಒರೆಸಿ ಕೊಳೆಯಾದ ಟವೆಲನ್ನು ತಿರುಗಿಸಿ ನೋಡಿಕೊಂಡರು.

"ಒಂದು ಟವೆಲ್ಲು ಕೊಡು," ಎಂದರು.

"ಎಂಬತ್ತು ರೂಪಾಯಿ. ದಿಲ್ಲಿಗೆ ಎರಡು, ಚೆನ್ನೈಗೆ ಎರಡು. ಎಂಬತ್ತನಾಲ್ಕು."

"ಬೆಲೆ ಸೊನ್ನೇಲಿ ಮುಗಿಯುತ್ತಲ್ಲ ಅಮ್ಮಿಣಿ."

"ಮುಗಿಯುತ್ತೆ. ಬೇಕಾ, ಬೇಡವಾ?"

ಮಾವ ಜೇಬು ತಡಕಿ ಎಂಬತ್ತೈದು ರೂಪಾಯಿ ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟರು. ನಾನು ಒಂದು ರೂಪಾಯಿ ಚಿಲ್ಲರೆಯನ್ನು ಲೆಕ್ಕವಾಗಿ ವಾಪಸು ಕೊಟ್ಟು, ಬಿಲ್ಲನ್ನು ಮುಂದೆ ಚಾಚಿದೆ. ಅದಕ್ಕೆ ಅರಿಶಿನವೂ ಇರಲಿಲ್ಲ, ತಟ್ಟೆಯೂ ಇರಲಿಲ್ಲ. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕನ್ನಡಕ ಮೇಲಕ್ಕೆ ಸರಿಸಿ, ಕಣ್ಣಿಗೊತ್ತಿಕೊಂಡರು.